ಮುತ್ಯಾನ ಉರ್ದು ವಹಿ

ಮುತ್ಯಾ, ಅಂದರೆ ನಮ್ಮಜ್ಜ, ತೀರಿಕೊಂಡ ಮೇಲೆ ಅವನ ಶಿವಗಣಾರಾಧನೆಗೆ ಎಷ್ಟು ಜನ ಬರಬಹುದು ಅನ್ನೋ ವಿಷಯಕ್ಕೆ ಅಪ್ಪನಿಗೂ ಕಾಕಾನಿಗೂ ಸಣ್ಣ ಜಗಳವೇ ಆಯಿತು. ಅಪ್ಪ ಐನೂರು ಅಂದರು. ಕಾಕಾ ಎಂಟುನೂರು ಅಂದರು. ನಮ್ಮಜ್ಜಿ ಆಯಿ ಕೂತಲ್ಲಿಂದಲೇ, "ಇಡೀ ಗಂಜೇ ಬರ್ತದ. ಅಡಗಿ ಜಾಸ್ತಿ ಮಾಡಸ್ರಿ" ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇಳೆ ಖಾಲಿ. ಕಲಬುರಗಿಯಲ್ಲಿ, ತೊಗರಿ ವ್ಯಾಪಾರಿಯ ಮನೆಯಲ್ಲಿ, ಅದೂ ಹೊಸ ತೊಗರಿ ಬರುವ ಜನವರಿಯಲ್ಲಿ! ಮಿಲ್ಲಿನಿಂದ ಚೀಲ ತರಿಸಿ ಮತ್ತೆ ಒಲೆ ಹಚ್ಚಿದರು. ಬಂದವರು ಎದ್ದು ಹೋಗಲಿಲ್ಲ. ಪೆಂಡಾಲಿನ ಕೆಳಗೆ ಕೂತು ಮುತ್ಯಾನ ಮಾತು ತೆಗೆದರು.

ನಮ್ಮೂರ ಧಾನ್ಯದ ಮಾರುಕಟ್ಟೆ ನೆಹರು ಗಂಜಿನ ಹಮಾಲರು ಬಂದಿದ್ದರು. ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯವರು ಬಂದಿದ್ದರು. ಸೊಲ್ಲಾಪುರದ ಸೇಟ್‌ಜಿಯ ಮಗ, ಅಫಜಲಪುರ ಕಡೆಯ ರೈತರು, ದರ್ಗಾದ ಹತ್ತಿರ ಅತ್ತರು ಮಾರುವ ಒಬ್ಬರು, ಎಲ್ಲರೂ ಇದ್ದರು. ಅತ್ತರಿನವರಿಗೂ ಮುತ್ಯಾನಿಗೂ ಏನು ವ್ಯವಹಾರ ಅಂತ ಕೇಳಿದೆ. "ವ್ಯವಹಾರ ಏನಿಲ್ಲ ಬೇಟಾ, ಸುಮ್ನೆ ಬಂದು ಕುಂದರತಿದ್ರು" ಅಂದರು.

ಮುತ್ಯಾ ಹುಟ್ಟಿದ್ದು ಭೀಮಾ ನದಿ ದಂಡೆಯ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಈ ದಂಡೆ ನಿಜಾಮರದು. ಹೊಳೆ ದಾಟಿದರೆ ವಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. 1948ರಲ್ಲಿ ರಜಾಕಾರರ ಹಾವಳಿ ಜೋರಾದಾಗ ಗಡಿಯ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ಆ ಕಡೆ ಓಡಿದರು. ಆಗ ಮುತ್ಯಾನಿಗೆ ಹನ್ನೆರಡು ವರ್ಷ. ಮನೆಯವರೆಲ್ಲ ಹರಗೋಲು ಹತ್ತಿದರೆ ಇವನು ಎತ್ತು ಬಿಟ್ಟು ಬರಲ್ಲ ಅಂತ ಹಟ ಹಿಡಿದು, ಎತ್ತಿನ ಬಾಲ ಹಿಡಿದೇ ಹೊಳೆ ದಾಟಿದನಂತೆ. ಈ ಕಥೆ ನಾವು ಮೊಮ್ಮಕ್ಕಳು ಬಹಳ ಸಲ ಕೇಳಿದ್ದೇವೆ. ಪ್ರತಿ ಸಲವೂ ಹೊಳೆ ಸ್ವಲ್ಪ ಅಗಲ ಆಗುತ್ತಿತ್ತು.

ನನಗೆ ಅದಕ್ಕಿಂತ ಇಷ್ಟದ್ದು ಅದರ ಮುಂದಿನ ಭಾಗ. ನಿಜಾಮರ ಹಾಲಿ ರೂಪಾಯಿ ಆ ದಂಡೆಯಲ್ಲಿ ಅದೇ ಬೆಲೆಗೆ ನಡೆಯುತ್ತಿರಲಿಲ್ಲ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್, ಅಂದರೆ ಆ ಕಡೆಯ ರೂಪಾಯಿ. ಗಾಬರಿಯಾಗಿ ಬಂದ ಜನರಿಗೆ ಬದಲಿ ಕೊಡುವವರು ಅಷ್ಟೂ ಕೊಡುತ್ತಿರಲಿಲ್ಲ. ಹುಡುಗ ದಿನವಿಡೀ ಅವರ ಪಕ್ಕ ಕೂತು ನೋಡಿದ. ಸಂಜೆಗೆ ತಮ್ಮೂರಿನವರನ್ನು ಕರೆದು, ಯಾರ ಹತ್ತಿರ ಬಟ್ಟಾ, ಅಂದರೆ ಬದಲಿಗೆ ಮುರಿದುಕೊಳ್ಳುವ ದುಡ್ಡು, ಕಮ್ಮಿ ಅಂತ ಹೇಳಿಕೊಡುತ್ತಿದ್ದ. ಸೆಪ್ಟೆಂಬರ್ 17ಕ್ಕೆ ನಿಜಾಮರು ಭಾರತಕ್ಕೆ ಶರಣಾಗಿ ಎಲ್ಲ ಮುಗಿದು ಊರಿಗೆ ಮರಳಿದಾಗ ಹೊಲದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಕೆಲವು ವರ್ಷ ಬಿಟ್ಟು ಕಲಬುರಗಿ ಗಂಜಿಗೆ ಬಂದು ಒಂದು ಅಡತಿ ಅಂಗಡಿಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದ.

ಅಲ್ಲಿಂದ ಸ್ವಂತ ಅಂಗಡಿ ಆಗುವವರೆಗಿನ ಕಥೆ ಎಲ್ಲ ವ್ಯಾಪಾರಿಗಳದ್ದೂ ಒಂದೇ ಥರ ಇರುತ್ತದೆ, ಬಿಡಿ.

ಪೆಂಡಾಲಿನಲ್ಲಿ ಜಾಸ್ತಿ ಮಾತಾಡಿದವರು ಲಾರಿ ಚಾಚಾ. ಮುತ್ಯಾನ ತೊಗರಿ ಹೇರಿಕೊಂಡು ಸೊಲ್ಲಾಪುರ, ಮುಂಬೈ, ಹೈದರಾಬಾದು ತಿರುಗಿದವರು. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಇನ್ನೂ ಚುರುಕು. "ನಿಮ್ಮ ಮುತ್ಯಾ ಲಾರಿ ಒಳಗ ಕುಂತ್ರ ಊರು ಮುಟ್ಟಾದು ಎರಡು ದಿನ ತಡ. ಪ್ರತಿ ಧಾಬಾದಾಗ ಒಬ್ಬ ದೋಸ್ತ್" ಅಂದರು. 1972ರ ಬರಗಾಲದಲ್ಲಿ ನಮ್ಮ ಕಡೆಯ ಹಳ್ಳಿಗಳು ಗುಳೆ ಹೋದಾಗ ಮುತ್ಯಾ ಕೇಳಿದವರಿಗೆಲ್ಲ ಉದ್ರಿ ಕೊಟ್ಟು, ತನ್ನ ಅಂಗಡಿಗೇ ಬೀಗ ಬೀಳುವ ಹಾಗೆ ಮಾಡಿಕೊಂಡಿದ್ದ. ಅದಾದ ಎರಡೇ ವರ್ಷಕ್ಕೆ ದಾಲ್ ಮಿಲ್ ಹಾಕಿದ. ರೊಕ್ಕ ಎಲ್ಲಿಂದ ಬಂತು ಅಂತ ಕೇಳಿದರೆ "ಬ್ಯಾಂಕು" ಅನ್ನುತ್ತಿದ್ದ. ತೊಗರಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರವಿ, ಸಿಪ್ಪೆ ತೆಗೆದು ಒಡೆಯುವ ಆ ಕೆಲಸದಲ್ಲಿ ಅವನಿಗೆ ಭಾರೀ ಖುಷಿ. ಫಟಕಾ, ಅಂದರೆ ಮೇಲ್ತರದ ಬೇಳೆಯನ್ನು ಅಂಗೈಲಿ ಹಾಕಿಕೊಂಡು ಬಂದವರಿಗೆಲ್ಲ ತೋರಿಸುವುದು, ಉಳಿದ ನುಚ್ಚು-ಹೊಟ್ಟಿನ ಚುನ್ನಿಯನ್ನು ಓಣಿಯ ಎಮ್ಮೆಗಳಿಗೆ ಪುಕ್ಕಟೆ ಹಂಚುವುದು. ಚುನ್ನಿಗೂ ಒಳ್ಳೆ ರೇಟಿದೆ ಅಂತ ಕಾಕಾ ಎಷ್ಟು ಬಡಕೊಂಡರೂ ಕೇಳಲಿಲ್ಲ.

ಅಫಜಲಪುರದ ರೈತರೊಬ್ಬರು ನೆಟೆ ರೋಗದ ಕಾಲ ನೆನೆಸಿದರು. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತಿತ್ತು. ಹೊಲಕ್ಕೆ ಹೊಲವೇ ಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಆ ರೋಗ ತಡೆಯುವ ಮಾರುತಿ ತಳಿ ಬಿಟ್ಟಾಗ ಮುತ್ಯಾ ಖುದ್ದಾಗಿ ಅಲ್ಲಿಗೆ ಹೋದ. ವಿಜ್ಞಾನಿಗಳ ಒಂದು ಮಾತೂ ತಲೆಗೆ ಹೋಗಲಿಲ್ಲ. ಆದರೆ ಅಲ್ಲಿನ ಚಹಾ ಅಂಗಡಿಯವನ ಜೊತೆ ದೋಸ್ತಿ ಆಯಿತು. ಮುಂದೆ ಆತನ ಮಗಳ ಮದುವೆಗೂ ಹೋಗಿ ಬಂದ. ಬೀಜ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಅನ್ನೋದು ಗೊತ್ತಾಗಿದ್ದು ಆ ಚಹಾ ಅಂಗಡಿಯಲ್ಲೇ.

ಅರವತ್ತು ದಾಟಿದ ಮೇಲೆ ರಂಗೂನಿಗೆ ಹೋಗಿದ್ದು ಇನ್ನೊಂದು ಕಥೆ. ಬರ್ಮಾದ ತೊಗರಿಗೆ ನಮ್ಮ ವ್ಯಾಪಾರದಲ್ಲಿ ಲೆಮನ್ ಅಂತಾರೆ. ಮುಂಬೈಗೆ ಅದು ಹಡಗಿನಲ್ಲಿ ಬಂದು ಇಳಿದರೆ ಇಲ್ಲಿ ನಮ್ಮ ರೇಟು ಬೀಳುತ್ತದೆ. "ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾವ ಯಾಂವ ಅಂತ ನೋಡಬೇಕಲ್ಲ" ಅಂತ ಮುಂಬೈ ದಲಾಲಿಯೊಬ್ಬರ ಜೊತೆ ಹೊರಟ. ಎಂಟು ದಿನ ಅಂದವನು ತಿಂಗಳಾದರೂ ಬರಲಿಲ್ಲ. ಬಂದ ಮೇಲೆ ತೊಗರಿ ಬಗ್ಗೆ ಹೇಳಿದ್ದು ಒಂದೇ ಮಾತು: "ಕಾಳು ಛಲೋ ಅದ, ರುಚಿ ಇಲ್ಲ." ಉಳಿದದ್ದೆಲ್ಲ ಬಹಾದ್ದೂರ್ ಷಾ ಜಫರನ ಸಮಾಧಿಯ ಮಾತು. ಇಂಗ್ಲಿಷರು ದಿಲ್ಲಿಯಿಂದ ಗಡಿಪಾರು ಮಾಡಿದ ಆ ಬಾದಶಾಹ 1862ರಲ್ಲಿ ರಂಗೂನಿನಲ್ಲೇ ತೀರಿಕೊಂಡ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತಿದ್ದ ಮುತ್ಯಾ ಅಲ್ಲಿ ಬರೆದಿದ್ದನ್ನು ತಾನೇ ಓದಿಕೊಂಡು ಬಂದಿದ್ದ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಈ ನೆಲದ್ದೇ ವಿಶೇಷ ಅಂತ ಗುರುತಿಸುವ ಜಿಐ ಟ್ಯಾಗ್ ಬಂದಾಗ, "ರುಚಿ ಅದ ಅಂತ ಸರ್ಕಾರಕ್ಕ ಈಗ ತಿಳೀತು" ಅಂತ ನಕ್ಕಿದ್ದ.

ಇಷ್ಟೆಲ್ಲ ಕೇಳುತ್ತಾ ಕೂತಿದ್ದಾಗ ನನಗೆ ಒಳಗೆ ರೊಟ್ಟಿ ಬಡಿಯುವ ಸಪ್ಪಳವೂ ಕೇಳುತ್ತಿತ್ತು. ಬಂದವರೆಲ್ಲ "ಸಾವ್ಕಾರ್ರ ಮನ್ಯಾಗ ಉಣಲಾರದೇ ಹೋದವರಿಲ್ಲ" ಅಂತ ಹೊಗಳುತ್ತಿದ್ದರು. ನಿಜ. ಆದರೆ ಆ ರೊಟ್ಟಿ ಬಡಿದವಳು ಆಯಿ. ರಾತ್ರಿ ಹನ್ನೊಂದಕ್ಕೆ ಲಾರಿ ಇಳಿದು ನಾಲ್ಕು ಜನರನ್ನು ಕರಕೊಂಡು ಬರುವವನು ಅವನು. ಆರಿಸಿದ ಒಲೆ ಮತ್ತೆ ಹಚ್ಚಿ, ಪುಂಡಿ ಪಲ್ಯ ಬಿಸಿ ಮಾಡಿ, ಶೇಂಗಾ ಹಿಂಡಿ ಹಾಕಿ ಬಡಿಸುವವಳು ಇವಳು. ಎಳ್ಳ ಅಮವಾಸ್ಯೆಗೆ ಊರಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋದರೂ ಅರ್ಧ ಗಂಜನ್ನು ಕರೆಯುತ್ತಿದ್ದ. ಆ ಭಜ್ಜಿ, ಕಡಬು, ಸಜ್ಜಿ ರೊಟ್ಟಿಗೆ ಆಯಿ ಮತ್ತು ಅವ್ವ ಹಿಂದಿನ ರಾತ್ರಿ ಮಲಗುತ್ತಲೇ ಇರಲಿಲ್ಲ. ಆಯಿ ರಂಗೂನ್ ಬಿಡಿ, ಮುಂಬೈಯನ್ನೂ ನೋಡಿಲ್ಲ. ಮುತ್ಯಾನ ಮೇಲೆ ನನಗೆ ಪ್ರೀತಿ ಇಲ್ಲ ಅಂತಲ್ಲ. ಹೊಗಳಿಕೆಯನ್ನು ಅರ್ಧ ಒಳಗೂ ಕಳಿಸಬೇಕಿತ್ತು ಅನ್ನಿಸಿತು, ಅಷ್ಟೇ.

ಸಂಜೆ ಜನ ಕರಗಿದ ಮೇಲೆ ಕಾಕಾ ಮುತ್ಯಾನ ಟ್ರಂಕಿನಿಂದ ಒಂದು ಕೆಂಪು ಬಟ್ಟೆಯ ವಹಿ, ಅಂದರೆ ಲೆಕ್ಕದ ಪುಸ್ತಕ, ತಂದರು. ಅಂಗಡಿ ಲೆಕ್ಕವೆಲ್ಲ ಮುನೀಮರು ಕನ್ನಡದಲ್ಲಿ ಬರೆಯುತ್ತಿದ್ದರು. ಇದು ಮಾತ್ರ ಮುತ್ಯಾನ ಕೈಬರಹ, ಪೂರ್ತಿ ಉರ್ದು. ಕೈಗಡ ಕೊಟ್ಟಿದ್ದು, ತಗೊಂಡಿದ್ದು. ಮಕ್ಕಳು ಓದಬಾರದು ಅಂತಲೇ ಹಾಗೆ ಬರೆದಿದ್ದ ಅಂತ ಈಗ ನಮಗೆ ಹೊಳೆಯಿತು. ಲಾರಿ ಚಾಚಾ ಕನ್ನಡಕ ಹಾಕಿಕೊಂಡು ಓದತೊಡಗಿದರು. ಹೆಚ್ಚಿನ ಸಾಲುಗಳ ಮೇಲೆ ಗೀಟು ಎಳೆದಿತ್ತು. ಕೆಲವು ತೀರಿದ್ದು, ಕೆಲವು "ಮಾಫ್". ಒಂದು ಕಡೆ ಚಾಚಾ ಸುಮ್ಮನೆ ಪುಟ ತಿರುವಿದರು. ಅದು ಅವರದೇ ಹೆಸರಿರಬೇಕು. ಯಾರೂ ಕೇಳಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಆಯಿ, "ಚಾಚಾ, ಮಿಲ್ ಹಾಕಿದ ವರ್ಷದ್ದು ನೋಡ್ರಿ" ಅಂದಳು.

ಚಾಚಾ ಹಿಂದಕ್ಕೆ ತಿರುವಿದರು. ಬೆರಳಿಟ್ಟು ಓದಿದರು: "ಮನೆಯಿಂದ. ಬಂಗಾರದ ಪಾಟಲಿ ಬಳೆ ಒಂದು ಜೋಡಿ. ನಾಲ್ಕು ತೊಲೆ."

"ಗೀಟು ಎಳೆದಾನ?"

"ಇಲ್ರಿ ಭಾಭಿ."

ಬ್ಯಾಂಕು ಅಂದರೆ ಯಾವುದು ಅಂತ ಅಪ್ಪ, ಕಾಕಾ ಇಬ್ಬರಿಗೂ ಗೊತ್ತಾಯಿತು. ಆಯಿ ಅವರ ಕಡೆ ತಿರುಗಿ, "ಕೇಳಿದ್ರಲ್ಲ, ಬಾಕಿ ಅದ" ಅಂದಳು. ಆ ಬಾಕಿ ಮಿಲ್ಲಿನ ಲೆಕ್ಕದಿಂದ ತೀರಬೇಕೋ, ಇಬ್ಬರೂ ಎರಡೆರಡು ತೊಲೆ ಹಾಕಬೇಕೋ ಅಂತ ಅಣ್ಣತಮ್ಮಂದಿರು ಇನ್ನೂ ಮಾತಾಡುತ್ತಲೇ ಇದ್ದಾರೆ. ಆಯಿ ದಿನಾ ಬೆಳಿಗ್ಗೆ ನನ್ನ ಹತ್ತಿರ ಚಿನ್ನದ ರೇಟು ಕೇಳುತ್ತಾಳೆ.