ಇಕ್ರಿತ್‌ನ ಚರ್ಚು

ಮಧ್ಯಾಹ್ನ ಊಟ ಮಾಡುತ್ತಾ ಸುಮ್ನೆ ಫೋನ್ ನೋಡುತ್ತಿದ್ದೆ. ಒಂದು ಫೋಟೋ ಬಂತು. ಗುಡ್ಡದ ಮೇಲೆ ಕಲ್ಲಿನ ಚರ್ಚು. ಸುತ್ತ ಒಂದೇ ಒಂದು ಮನೆ ಇಲ್ಲ. ಊರೇ ಇಲ್ಲದ ಕಡೆ ಚರ್ಚು ಯಾರು ಕಟ್ಟುತ್ತಾರೆ, ಅಲ್ವಾ?

ಊರು ಇತ್ತು. ಈಗಿನ ಇಸ್ರೇಲಿನಲ್ಲಿ, ಲೆಬನಾನ್ ಗಡಿ ಹತ್ತಿರದ ಇಕ್ರಿತ್. ಅರಬ್ ಕ್ರೈಸ್ತರ ಹಳ್ಳಿ. 1948ರ ಅರಬ್-ಇಸ್ರೇಲ್ ಯುದ್ಧದಲ್ಲಿ ಇಸ್ರೇಲ್ ಸೇನೆ ಬಂದಾಗ ಜನ ಎದುರು ನಿಲ್ಲಲೂ ಇಲ್ಲ. ಎರಡು ವಾರ ಅಷ್ಟೇ, ಆಮೇಲೆ ವಾಪಸ್ ಬರಬಹುದು ಅಂತ ಹೇಳಿ ರಾಮೆ ಎಂಬ ಊರಿಗೆ ಸಾಗಿಸಿದರು. ಎರಡು ವಾರಕ್ಕೆ ಯಾರಾದರೂ ಏನು ಕಟ್ಟಿಕೊಳ್ಳುತ್ತಾರೆ? ನಾಲ್ಕು ಜೊತೆ ಬಟ್ಟೆ. ಕಾಳುಕಡ್ಡಿ, ಪಾತ್ರೆ ಪಗಡೆ ಎಲ್ಲ ಮನೆಯಲ್ಲೇ.

ಕೋರ್ಟಿಗೆ ಹೋದರು. ಗೆದ್ದರು ಕೂಡ! 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಅವರು ವಾಪಸ್ ಹೋಗಬಹುದು ಅಂದಿತು. ಅದೇ ಡಿಸೆಂಬರ್‌ನಲ್ಲಿ, ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ, ಸೇನೆ ಮನೆಗಳನ್ನೆಲ್ಲ ಸಿಡಿಸಿ ಹಾಕಿತು. ಚರ್ಚು ಮಾತ್ರ ಬಿಟ್ಟಿತು. ದಿನ ಆರಿಸಿದ್ದು ನೋಡಿ.

1970ರ ದಶಕದಿಂದ ಒಂದು ಅನುಮತಿ ಇದೆ. ಆ ಊರಿನವರು ಸತ್ತರೆ ಅಲ್ಲೇ ಹೂಳಬಹುದು. ಬದುಕಿದ್ದಾಗ ಇರೋ ಹಾಗಿಲ್ಲ. ಇದಕ್ಕೆ ಸಹಿ ಹಾಕಿದ ಅಧಿಕಾರಿಗೆ ಒಂದು ಕ್ಷಣವಾದರೂ ವಿಚಿತ್ರ ಅನ್ನಿಸಲಿಲ್ವಾ? 2012ರಲ್ಲಿ ಮೊಮ್ಮಕ್ಕಳ ಕಾಲದ ಹುಡುಗರು ಚರ್ಚಿನ ಪಕ್ಕದಲ್ಲೇ ಬಿಡಾರ ಹೂಡಿದರಂತೆ. ಒಳ್ಳೇದಾಯ್ತು ಅನ್ನಿಸಿತು.