ಸೀರೆ ಸ್ಟಾಕ್ ಪ್ರೋಗ್ರಾಂ, ಐದನೇ ವಾರ: ತೀರಿದ್ದನ್ನು ತೆಗೆಯೋದು

"ತೀರಿದ ಸೀರಿ ಪಟ್ಟ್ಯಾಗ ಯಾಕ ಇರಬೇಕವಾ? ತಗದ ಬಿಡು" ಅಂದರು ಕಾಕಾ. ಇಳಕಲ್ಲಿನಲ್ಲಿರುವ ಅವರ ಅಂಗಡಿಗೆ ನಾನು ಪೈಥಾನ್‌ನಲ್ಲಿ ಸ್ಟಾಕ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಈ ವಾರ ಪೂರ್ತಿ ಇದೇ ಕೆಲಸ ಆಯಿತು.

ಸ್ಟಾಕ್ ಇರುವುದು ಒಂದು ಡಿಕ್ಷನರಿಯಲ್ಲಿ. ದಡಿ ಮತ್ತು ಬಣ್ಣ ಸೇರಿದ ಹೆಸರು ಕೀ, ಉಳಿದ ಸೀರೆ ಎಷ್ಟು ಅನ್ನೋದು ವ್ಯಾಲ್ಯೂ. ‘ಗೋಮಿ ಹಸಿರು’ 0, ‘ಚಿಕ್ಕಿ ಕೆಂಪು’ 12, ‘ಗಾಡಿ ಕಪ್ಪು’ 0, ಹೀಗೆ. ಸೋಮವಾರ ರಾತ್ರಿ ಒಂದೊಂದೇ ಐಟಂ ನೋಡುತ್ತಾ ಹೋಗುವ ಫಾರ್ ಲೂಪ್ ಹಾಕಿ, ಸೊನ್ನೆ ಸಿಕ್ಕಲ್ಲಿ ಅದನ್ನು ಅಳಿಸೋಕೆ ಡೆಲ್ ಅಂತ ಬರೆದೆ. ಮೊದಲ ಸೊನ್ನೆಗೇ ರನ್‌ಟೈಮ್ ಎರರ್ ಬಂತು. ಲೂಪ್ ನಡೆಯುವಾಗ ಡಿಕ್ಷನರಿಯ ಗಾತ್ರ ಬದಲಾಗಿದೆ ಅನ್ನೋದು ಅದರ ತಕರಾರು.

ಪ್ರಿಂಟ್ ಮಾಡಿ ನೋಡಿದೆ. ‘ಗೋಮಿ ಹಸಿರು’ ಹೋಗಿತ್ತು, ‘ಗಾಡಿ ಕಪ್ಪು’ ಹಾಗೇ ಇತ್ತು. ಫೈಲಿಗೆ ಬರೆಯೋದು ಲೂಪ್ ಮುಗಿದ ಮೇಲೆ ಇದ್ದಿದ್ದರಿಂದ ಕಾಕಾನ ಲೆಕ್ಕ ಉಳಿಯಿತು.

ಲೂಪ್ ಶುರುವಾಗುವಾಗ ಡಿಕ್ಷನರಿಯಲ್ಲಿ ಎಷ್ಟು ಐಟಂ ಇದ್ದವು ಅಂತ ಪೈಥಾನ್ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಐಟಂ ಕೇಳಿದಾಗಲೆಲ್ಲ ಆ ಎಣಿಕೆ ಹೊಂದುತ್ತಾ ಅಂತ ನೋಡುತ್ತದೆ. ಇರುವ ಕೀಗೆ ವ್ಯಾಲ್ಯೂ ಬದಲಿಸಿದರೆ ತೊಂದರೆ ಇಲ್ಲ. ಅಳಿಸಿದ್ದು ಕೊನೆಯ ಐಟಂ ಆದರೂ ಎರರ್ ಬರುತ್ತದೆ. ಹಳೇ ಪಾಠವೊಂದರಲ್ಲಿ, ಡಿಕ್ಷನರಿಯ ಕೀಗಳನ್ನು ಕೊಡುವ ‘ಕೀಸ್’ ಮೇಲೆ ಲೂಪ್ ಹಾಕಿ ಅಳಿಸಿದ್ದರು. ಅದು ಪೈಥಾನ್ 2ರ ಕಾಲದ್ದು, ಆಗ ಕೀಸ್ ಅಂದರೆ ಬೇರೆಯೇ ಒಂದು ಲಿಸ್ಟ್ ಸಿಗುತ್ತಿತ್ತು. ಪೈಥಾನ್ 3ರಲ್ಲಿ ಅದು ಅದೇ ಡಿಕ್ಷನರಿಯನ್ನೇ ತೋರಿಸುವ ಕಿಟಕಿ.

ಈ ಎರರ್ ಬರೋದು ಒಳ್ಳೇದು ಅಂತ ನನಗೆ ನಿಜವಾಗಿ ಅನಿಸುತ್ತದೆ. ಎರಡನೇ ವಾರ ಸ್ಟಾಕ್ ಅನ್ನು ಲಿಸ್ಟ್‌ನಲ್ಲಿ ಇಟ್ಟಿದ್ದಾಗ ಹೀಗೇ ಅಳಿಸಿದ್ದೆ. ಅಕ್ಕಪಕ್ಕ ಎರಡು ಸೊನ್ನೆ ಇದ್ದವು. ಮೊದಲನೆಯದು ಹೋದ ಕೂಡಲೇ ಎರಡನೆಯದು ಅದರ ಜಾಗಕ್ಕೆ ಸರಿಯಿತು, ಲೂಪ್ ಅದನ್ನು ನೋಡದೆ ದಾಟಿ ಹೋಯಿತು. ಎರರ್ ಇಲ್ಲ, ಏನಿಲ್ಲ. ಇಲ್ಲದ ಸೀರೆಯನ್ನು ಗಿರಾಕಿಗೆ ಇದೆ ಅಂತ ಹೇಳುವ ಹಾಗಾಯಿತು.

ಮಂಗಳವಾರ ಡಿಕ್ಷನರಿ ಕಾಂಪ್ರಿಹೆನ್ಷನ್ ಬರೆದೆ. ಸೊನ್ನೆಗಿಂತ ಜಾಸ್ತಿ ಇರುವುದನ್ನಷ್ಟೇ ಆರಿಸಿ ಹೊಸ ಡಿಕ್ಷನರಿ, ಒಂದೇ ಸಾಲು. ಓದೋಕೆ ಚೆಂದ. ಆದರೆ ಸ್ಕ್ರೀನ್ ಮೇಲೆ ‘ಗಾಡಿ ಕಪ್ಪು’ ಹೋಗಲೇ ಇಲ್ಲ. ಎರಡು ಸಂಜೆ ಹುಡುಕಿದೆ. ಪ್ರೋಗ್ರಾಂ ಶುರುವಾದಾಗಲೇ ಸ್ಕ್ರೀನ್ ಭಾಗಕ್ಕೆ ಹಳೇ ಡಿಕ್ಷನರಿ ಕೊಟ್ಟಿದ್ದೆ, ಅದು ಅದನ್ನೇ ಹಿಡಿದು ಕೂತಿತ್ತು. ನಾನು ಹೊಸದಕ್ಕೆ ಅದೇ ಹೆಸರಿಟ್ಟರೆ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಕೊನೆಗೆ ಉಳಿಸಿಕೊಂಡಿದ್ದು ಇದು:

ಫಾರ್ ಹೆಸರು ಇನ್ ಲಿಸ್ಟ್(ಸ್ಟಾಕ್):

ಲಿಸ್ಟ್ ಅಂತ ಸುತ್ತಿದ ಕೂಡಲೇ ಕೀಗಳ ನಕಲು ಆಗುತ್ತದೆ. ಲೂಪ್ ನಡೆಯೋದು ನಕಲಿನ ಮೇಲೆ, ಅಳಿಸೋದು ಅಸಲಿನಲ್ಲಿ. ಡಿಕ್ಷನರಿ ಅದೇ ಇರುವುದರಿಂದ ಸ್ಕ್ರೀನ್ ಕೂಡ ಸರಿಯಾಯಿತು. ತಿಂಗಳ ವರದಿಗೆ ಮಾತ್ರ ಕಾಂಪ್ರಿಹೆನ್ಷನ್ ಬಿಟ್ಟಿದ್ದೇನೆ, ಅಲ್ಲಿ ಹೊಸ ಡಿಕ್ಷನರಿಯೇ ಬೇಕು.

ಶನಿವಾರ ಕಾಕಾನ ಮುಂದೆ ಓಡಿಸಿದೆ. ಪಟ್ಟಿ ಮೇಲಿಂದ ಕೆಳಗೆ ಓದಿ, "ಗೋಮಿ ಹಸರ ಮತ್ತ ನೇಯ್ದು ಬಂದ್ರ, ರೇಟು?" ಅಂದರು. ರೇಟು ಇನ್ನೊಂದು ಡಿಕ್ಷನರಿಯಲ್ಲಿತ್ತು, ಅದನ್ನೂ ಅದೇ ಲೂಪಿನಲ್ಲಿ ಅಳಿಸಿಬಿಟ್ಟಿದ್ದೆ. ಈಗ ಅಲ್ಲಿ ಡೆಲ್ ಬದಲು ಪಾಪ್ ಹಾಕುತ್ತಿದ್ದೇನೆ. ಪಾಪ್ ತೆಗೆದ ವ್ಯಾಲ್ಯೂವನ್ನು ಕೈಗೆ ಕೊಡುತ್ತದೆ, ಅದನ್ನು ‘ತೀರಿದ್ದು’ ಅನ್ನುವ ಡಿಕ್ಷನರಿಗೆ ಹಾಕಬೇಕು. ಆ ಡಿಕ್ಷನರಿಯನ್ನು ಫೈಲಿಗೆ ಬರೆಯೋದು ಇನ್ನೂ ಬಾಕಿ.