ಮತ್ತೆ ಬಂತು 20ನೇ ತಾರೀಕು

ಬೆಳಿಗ್ಗೆ ಡೊಂಬಿವ್ಲಿಯಿಂದ ಮುಂಬೈ ಲೋಕಲ್ ಟ್ರೈನಲ್ಲಿ ಒಂಟಿಕಾಲಲ್ಲಿ ನಿಂತು ಬರ್ತಾ ಅದೇ ಹಳೇ ತಲೆನೋವು, ಹನ್ನೊಂದು ವರ್ಷದಿಂದ ಕಂಡೋರ ಬಿಲ್ ಕೂಡಿಸಿ ಕಳೆದು ನಾನು ಕಡಿದು ಕಟ್ಟೆ ಹಾಕಿದ್ದೇನು ಅಂತ. ತಿಂಗಳ 20 ಅಂದ್ರೆ ಕ್ಲೈಂಟುಗಳ ಜಿಎಸ್‌ಟಿ 3ಬಿ, ಅಂದ್ರೆ ತಿಂಗಳ ತೆರಿಗೆ ರಿಟರ್ನ್, ಸಲ್ಲಿಸೋಕೆ ಕಡೇ ದಿನ, ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಇಷ್ಟೇ ನಮ್ ಬಾಳು!

ಸಂಜೆ ದಾದರ್‌ನಲ್ಲಿಳಿದು ಮಾಟುಂಗಾಕ್ಕೆ ನಡ್ಕೊಂಡು ಹೋದೆ, ಅಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಕ್ಲೈಂಟು. ಗಲ್ಲಾಪೆಟ್ಟಿಗೆ ಹತ್ರ ಕೂತಿದ್ದ ಅಜ್ಜ ಎಣ್ಣೆ ಕಲೆಯಾದ ಕೆಂಪು ಡೈರಿ ತೆಗೆದ್ರು, ಲೆಕ್ಕ ಪೂರ್ತಿ ಕನ್ನಡ ಅಂಕಿಯಲ್ಲಿ, ೭ ಯಾವ್ದು ೬ ಯಾವ್ದು ದೇವ್ರಿಗೇ ಗೊತ್ತು. "ಮಾರಾಯ, ನೀನು ನೋಡ್ತೀ ಅಂತ ನಂಗೆ ರಾತ್ರಿ ನಿದ್ದೆ ಬರ್ತದೆ" ಅಂದ್ರು.

ಏನೋ ಒಂಥರಾ ಆಯ್ತು. ಎರಡು ಕಾಫಿ ಕುಡ್ದೆ, ಅಜ್ಜ ದುಡ್ಡು ತಗೊಳ್ಳಲಿಲ್ಲ, ನಾನೂ ಬಿಲ್ ಕೇಳಲಿಲ್ಲ.